ಅಗ್ಗದ ಏರಿಯಾ ಅಗ್ಗ ಯಾಕೆ? ಮನೆ ಕೊಳ್ಳುವ ಮುನ್ನ ಪ್ರದೇಶಗಳನ್ನು ತೂಗಿ ನೋಡುವ ಬಗೆ

ನಗರದಲ್ಲಿ ಮನೆ ಕೊಳ್ಳಲು ಹೊರಟವರು ಮೊದಲು ಮಾಡುವ ಕೆಲಸ ಒಂದೇ. ಬೆಲೆ ನೋಡಿ ಕೈಗೆಟುಕದ ಏರಿಯಾಗಳನ್ನೆಲ್ಲ ಹೊಡೆದುಹಾಕಿ, ಉಳಿದ ಮೂರೋ ನಾಲ್ಕೋ ಕಡೆ ಎಲ್ಲಿ ಹೆಚ್ಚು ಕೋಣೆ ಸಿಗುತ್ತದೆ ಎಂದು ಹುಡುಕುವುದು. ನಾನೂ ಹಾಗೇ ಶುರುಮಾಡಿದ್ದೆ. ಒಂದೂವರೆ ವರ್ಷ ಸುತ್ತಿದ ಮೇಲೆ ನನ್ನ ಪಟ್ಟಿ ಬೇರೆಯದೇ ಆಗಿತ್ತು. ಪ್ರತಿ ಏರಿಯಾದ ಹೆಸರಿನ ಮುಂದೆ ಬೆಲೆಯ ಜಾಗದಲ್ಲಿ ಒಂದು ಕಾರಣ ಬರೆದಿಟ್ಟುಕೊಂಡಿದ್ದೆ: ಇಲ್ಲಿ ಮನೆ ಯಾಕೆ ಅಗ್ಗ?

ಒಂದೇ ನಗರದಲ್ಲಿ, ಒಂದೇ ಅಳತೆಯ ಎರಡು ಮನೆಗಳ ಬೆಲೆಯಲ್ಲಿ ದೊಡ್ಡ ಅಂತರ ಇದ್ದರೆ ಅದು ಸುಮ್ಮಸುಮ್ಮನೆ ಬಂದಿರುವುದಿಲ್ಲ. ಆ ಜಾಗ ದೂರ ಇರಬಹುದು, ಹಳತಾಗಿರಬಹುದು. ಪಕ್ಕದಲ್ಲೇ ಹೆದ್ದಾರಿಯೋ ರೈಲು ಹಳಿಯೋ ಇರಬಹುದು. ಮಳೆ ಬಂದರೆ ನೀರು ನಿಲ್ಲಬಹುದು. ಸೌಕರ್ಯಗಳು ಇನ್ನೂ ನಕ್ಷೆಯಲ್ಲೇ ಇರಬಹುದು, ಅಥವಾ ಏರಿಯಾಕ್ಕೆ ಯಾವತ್ತೋ ಕೆಟ್ಟ ಹೆಸರು ಬಂದಿರಬಹುದು. ಇವುಗಳಲ್ಲಿ ಕೆಲವನ್ನು ದುಡ್ಡು ಖರ್ಚು ಮಾಡಿ ಸರಿಪಡಿಸಬಹುದು, ಕೆಲವು ಕಾಲ ಕಳೆದಂತೆ ತಾವೇ ಸರಿಹೋಗುತ್ತವೆ, ಕೆಲವು ನೀವು ಅಲ್ಲಿರುವಷ್ಟು ದಿನವೂ ಕಾಡುತ್ತವೆ. ಎರಡು ಏರಿಯಾಗಳನ್ನು ಹೋಲಿಸುವುದೆಂದರೆ ಈ ಕಾರಣಗಳನ್ನು ಹೋಲಿಸುವುದು. ಕಾರಣ ಕಾಗದಪತ್ರದಲ್ಲಿ ಇದ್ದರಂತೂ, ಅಂದರೆ ಹಕ್ಕು ಸ್ಪಷ್ಟವಿಲ್ಲ, ಅನುಮತಿ ಪೂರ್ತಿಯಿಲ್ಲ ಎಂದಾದರೆ, ಹೋಲಿಕೆಯೇ ಬೇಡ. ಆ ಮನೆಯನ್ನು ಬಿಟ್ಟುಬಿಡಿ.

ದೂರದ ದೊಡ್ಡ ಮನೆ, ಹತ್ತಿರದ ಚಿಕ್ಕ ಮನೆ

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಊರ ಹೊರಗಿನ ಬಡಾವಣೆಯಲ್ಲಿ ಮೂರು ಕೋಣೆ, ಗಾಳಿ, ಬೆಳಕು. ಒಳಗಡೆ ಅದೇ ದುಡ್ಡಿಗೆ ಎರಡು ಕೋಣೆ, ಇಕ್ಕಟ್ಟಿನ ಅಡುಗೆಮನೆ. ಮನೆ ನೋಡಲು ಹೋಗುವುದು ಭಾನುವಾರ, ರಸ್ತೆ ಖಾಲಿ ಇರುವ ದಿನ. ಹಾಗಾಗಿ ದೂರದ ಬೆಟ್ಟ ಆವತ್ತು ಇನ್ನಷ್ಟು ನುಣ್ಣಗೆ ಕಾಣುತ್ತದೆ.

ಮೊದಲು ಸಮಯದ ಲೆಕ್ಕ. ಒಂದು ಮನೆಯಿಂದ ಕೆಲಸಕ್ಕೆ 90 ನಿಮಿಷ, ಇನ್ನೊಂದರಿಂದ 35 ನಿಮಿಷ ಎಂದುಕೊಳ್ಳಿ. ವ್ಯತ್ಯಾಸ ಒಂದು ಕಡೆಗೆ 55 ನಿಮಿಷ, ಹೋಗಿಬರಲು 110 ನಿಮಿಷ. ವರ್ಷಕ್ಕೆ 230 ದಿನ ಕೆಲಸಕ್ಕೆ ಹೋದರೆ ಸುಮಾರು 421 ಗಂಟೆ. ಎಂಟು ಗಂಟೆಯ ಕೆಲಸದ ದಿನಗಳಾಗಿ ಎಣಿಸಿದರೆ 52 ದಿನಕ್ಕೂ ಹೆಚ್ಚು. ಮನೆಯಲ್ಲಿ ದುಡಿಯುವವರು ಇಬ್ಬರಿದ್ದು ಇಬ್ಬರ ದಾರಿಯೂ ಒಂದೇ ಆಗಿದ್ದರೆ ಇದು ಎರಡರಷ್ಟು. ಮೂರನೆಯ ಕೋಣೆಯಲ್ಲಿ ಕೂರಲು ನಿಮಗೆ ಅಷ್ಟು ಹೊತ್ತು ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.

ಓಡಾಟ ಅಭ್ಯಾಸವಾಗಿಬಿಡುತ್ತದೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಜರ್ಮನಿಯ ಕುಟುಂಬಗಳ ಸಮೀಕ್ಷೆಯ ಅಂಕಿಅಂಶ ಹಿಡಿದು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಹೆಚ್ಚು ದೂರ ಓಡಾಡುವವರಿಗೆ ಅಗ್ಗದ ಮನೆಯೋ ಒಳ್ಳೆಯ ಸಂಬಳವೋ ಸಿಕ್ಕು ಲೆಕ್ಕ ಸರಿಹೋಗಿರಬೇಕು ಎಂಬುದು ಪುಸ್ತಕದ ತರ್ಕ. ಅವರಿಗೆ ಕಂಡದ್ದು ಬೇರೆ. ಓಡಾಟ ಉದ್ದವಾದಷ್ಟೂ ಬದುಕಿನ ತೃಪ್ತಿ ಕಡಿಮೆ, ಅಗ್ಗದ ಮನೆ ಆ ನಷ್ಟವನ್ನು ತುಂಬಿಕೊಟ್ಟಿರಲಿಲ್ಲ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದ ಮಾತನ್ನೂ ಇದರ ಜೊತೆ ಇಟ್ಟು ನೋಡಿ: ನಡೆದು ಓಡಾಡುತ್ತಿದ್ದ ಕಾಲದಿಂದ ಕಾರಿನ ಕಾಲದವರೆಗೂ ಜನ ದಿನದ ಓಡಾಟಕ್ಕೆ ಎತ್ತಿಡುತ್ತ ಬಂದಿರುವುದು ಸುಮಾರು ಒಂದು ಗಂಟೆ. ನನ್ನ ಸ್ವಂತ ಗೆರೆಯೂ ಅದರ ಆಸುಪಾಸಿನಲ್ಲೇ ಇದೆ, ಒಂದು ಕಡೆಗೆ 40 ನಿಮಿಷ. ಅದನ್ನು ದಾಟಿದ ಏರಿಯಾಕ್ಕೆ ಬೇರೆ ಏನಾದರೂ ತುಂಬ ಬಲವಾದ ಕಾರಣ ಬೇಕು.

ಇನ್ನು ದುಡ್ಡಿನ ಲೆಕ್ಕ. ಎರಡು ಏರಿಯಾಗಳ ನಡುವೆ ತಿಂಗಳ ಖರ್ಚಿನಲ್ಲಿ ಏನು ವ್ಯತ್ಯಾಸ ಬರುತ್ತದೆ ಎಂದು ಬರೆದುಕೊಳ್ಳಿ. ಬಸ್ಸು, ರೈಲು, ಇಂಧನ, ದೂರದಲ್ಲಿದ್ದರೆ ಬೇಕೇಬೇಕಾಗುವ ಎರಡನೆಯ ವಾಹನ, ಅದರ ವಿಮೆ, ರಿಪೇರಿ, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ, ಎಲ್ಲ ಸೇರಿಸಿ. ಬಂದ ಮೊತ್ತವನ್ನು 120ರಿಂದ ಗುಣಿಸಿ. ಶೇಕಡಾ 8 ಬಡ್ಡಿಯಲ್ಲಿ 20 ವರ್ಷದ ಸಾಲವಾದರೆ, ತಿಂಗಳಿಗೆ 100 ಕಂತು ಕಟ್ಟುವವನಿಗೆ ಸಿಗುವ ಸಾಲ ಸುಮಾರು 12,000. ಬಡ್ಡಿ ಶೇಕಡಾ 6 ಆದರೆ ಸುಮಾರು 14,000. ಅಂದರೆ ದೂರದ ಮನೆ ತಿಂಗಳಿಗೆ 100 ಹೆಚ್ಚು ತಿನ್ನುವುದಾದರೆ, ಅದು ಹತ್ತಿರದ ಮನೆಗಿಂತ 12,000 ಅಗ್ಗವಿದ್ದರೂ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸಮಯದ ಮಾತು ಇನ್ನೂ ಇದಕ್ಕೆ ಸೇರಿಲ್ಲ. ನಾನು ಈ ಗುಣಾಕಾರ ಮಾಡಿದ ದಿನ ನನ್ನ ಪಟ್ಟಿಯಿಂದ ಎರಡು ಏರಿಯಾ ಹೊರಗೆ ಬಿದ್ದವು.

ಇದು ನನ್ನೊಬ್ಬನ ಲೆಕ್ಕಾಚಾರವೂ ಅಲ್ಲ. ವರಮಾನದ ಶೇಕಡಾ 30ರೊಳಗೆ ಮನೆಯ ಖರ್ಚು ಮುಗಿಯಬೇಕು ಎಂಬ ಹಳೆಯ ಸೂತ್ರ ಅರ್ಧ ಚಿತ್ರ ಮಾತ್ರ ತೋರಿಸುತ್ತದೆ ಎಂದು ಶಿಕಾಗೋದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಸಂಸ್ಥೆ ಮನೆ ಮತ್ತು ಓಡಾಟ ಎರಡನ್ನೂ ಕೂಡಿಸಿ ಸೂಚ್ಯಂಕ ಮಾಡಿತು. ಎರಡೂ ಸೇರಿ ಶೇಕಡಾ 45ರ ಒಳಗಿರಬೇಕು ಎಂಬುದು ಅದರ ಅಳತೆ. ಹಾಗೆ ಕೂಡಿಸಿದಾಗ, ಮನೆ ಬೆಲೆ ಮಾತ್ರ ನೋಡಿದರೆ ಅಗ್ಗವೆನಿಸುವ ಎಷ್ಟೋ ಹೊರವಲಯಗಳು ಅಗ್ಗವಾಗಿ ಉಳಿಯುವುದಿಲ್ಲ.

ದೂರವನ್ನು ಅಳೆಯುವಾಗ ಒಂದು ಎಚ್ಚರ. ಜಾಹೀರಾತಿನ "ನಿಲ್ದಾಣಕ್ಕೆ 800 ಮೀಟರ್" ಬಹುಮಟ್ಟಿಗೆ ಹಕ್ಕಿ ಹಾರುವ ದೂರ. ನಡುವೆ ಹಳಿಯೋ ಕಾಲುವೆಯೋ ಗೋಡೆ ಹಾಕಿದ ದೊಡ್ಡ ಆವರಣವೋ ಬಂದರೆ ನಡೆಯುವ ದೂರ ಎರಡರಷ್ಟಾಗುತ್ತದೆ. ವಾರದ ನಡುವಿನ ದಿನ, ನೀವು ನಿಜಕ್ಕೂ ಹೊರಡುವ ಹೊತ್ತಿಗೆ, ಆ ಮನೆಯ ಬಾಗಿಲಿಂದ ಕೆಲಸದ ಜಾಗದ ಬಾಗಿಲಿನವರೆಗೆ ಒಮ್ಮೆ ಹೋಗಿ ಬನ್ನಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ ಎಂಬುದು ನಿಲ್ದಾಣದ ದೂರಕ್ಕಿಂತ ಮುಖ್ಯ. ಹತ್ತು ನಿಮಿಷಕ್ಕೊಂದು ಬಂದರೆ ಸರಾಸರಿ ಐದು ನಿಮಿಷ ಕಾಯುತ್ತೀರಿ, 40 ನಿಮಿಷಕ್ಕೊಂದಾದರೆ 20. ಒಂದು ಬಸ್ಸು ತಪ್ಪಿದರೆ ಆ ದಿನದ ಲೆಕ್ಕವೆಲ್ಲ ತಲೆಕೆಳಗು.

ಮನೆಯಿಂದಲೇ ಕೆಲಸ ಮಾಡುವವರಿಗೆ, ವಾರಕ್ಕೆ ಒಂದೆರಡು ದಿನ ಮಾತ್ರ ಹೋಗುವವರಿಗೆ ಈ ತೂಕ ಬದಲಾಗುತ್ತದೆ. ಅಂಥವರಿಗೆ ದೂರದ ದೊಡ್ಡ ಮನೆ ನಿಜಕ್ಕೂ ಒಳ್ಳೆಯ ಆಯ್ಕೆ ಆಗಬಹುದು. ಆದರೆ ಇವತ್ತಿನ ಕೆಲಸದ ನಿಯಮ ಕಂತು ತೀರುವವರೆಗೂ ಹೀಗೇ ಇರುತ್ತದೆ ಎಂದು ನಂಬಿ ಕೊಳ್ಳಬೇಡಿ. ಮಕ್ಕಳಿದ್ದರೆ ಶಾಲೆಯ ದಾರಿಯೂ ದಿನಾ ಎರಡು ಸಲದ ದಾರಿ, ಅದನ್ನೂ ನಡೆದು ನೋಡಿ.

ಹಳೆಯ ಬೀದಿ, ಹೊಸ ಬಡಾವಣೆ

ಹಳತು ಎಂಬ ಕಾರಣಕ್ಕೆ ಅಗ್ಗವಾದ ಏರಿಯಾ ನನಗೆ ಇಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಮರಗಳು ಆಗಲೇ ಬೆಳೆದಿರುತ್ತವೆ, ಅಂಗಡಿ, ಶಾಲೆ, ದವಾಖಾನೆ, ಬಸ್ಸು ಎಲ್ಲ ಇರುತ್ತವೆ. ಮನೆಯ ದೋಷ ಹತ್ತಿಪ್ಪತ್ತು ಮಳೆಗಾಲ ಕಂಡು ಹೊರಗೆ ಬಂದಿರುತ್ತದೆ, ನೋಡುವ ಕಣ್ಣಿದ್ದರೆ ಕಾಣುತ್ತದೆ. ಹೊಸ ಕಟ್ಟಡದ ದೋಷ ಇನ್ನೂ ಒಳಗೇ ಕೂತಿರುತ್ತದೆ. ಹಳೆಯ ಪೈಪು, ಹಳೆಯ ವೈರಿಂಗು, ಸೋರುವ ತಾರಸಿ ಇವೆಲ್ಲ ದುಡ್ಡು ಹಾಕಿದರೆ ಸರಿಹೋಗುವ ಸಂಗತಿಗಳು. ಜಾಗವನ್ನು ಮಾತ್ರ ರಿಪೇರಿ ಮಾಡಲು ಬರುವುದಿಲ್ಲ.

ಅದಕ್ಕೇ ಹಳೆಯ ಮನೆಯ ಬೆಲೆಗೆ ರಿಪೇರಿಯ ಅಂದಾಜನ್ನು ಕೂಡಿಸಿಯೇ ಹೊಸ ಮನೆಯ ಬೆಲೆಯೊಂದಿಗೆ ಹೋಲಿಸಿ. ವರ್ಷಕ್ಕೆ ಮನೆಯ ಬೆಲೆಯ ಶೇಕಡಾ 1ರಷ್ಟನ್ನು ದುರಸ್ತಿಗೆ ಎತ್ತಿಡಬೇಕು ಎಂಬ ಒಂದು ರೂಢಿಯ ಅಂದಾಜು ಇದೆ, ಹಳೆಯ ಮನೆಗೆ ಇನ್ನೂ ಸ್ವಲ್ಪ ಹೆಚ್ಚು ಇಟ್ಟುಕೊಳ್ಳಿ. ಗೋಡೆಯ ಗಾರೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಎಲ್ಲ ಮನೆಯಲ್ಲೂ ಇರುತ್ತವೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿಹೋದ, 5 ಮಿಲಿಮೀಟರಿಗಿಂತ ಅಗಲವಾದ ಬಿರುಕು ಕಂಡರೆ ಮಾತ್ರ ಎಂಜಿನಿಯರ್‌ಗೆ ತೋರಿಸದೆ ಮುಂದೆ ಹೋಗಬೇಡಿ. ಹಳೆಯ ಅಪಾರ್ಟ್‌ಮೆಂಟಾದರೆ ಮನೆಗಿಂತ ಮೊದಲು ಸಂಘದ ಲೆಕ್ಕಪುಸ್ತಕ ಕೇಳಿ. ಲಿಫ್ಟ್, ತಾರಸಿ, ನೀರಿನ ಟ್ಯಾಂಕ್ ಒಟ್ಟಿಗೆ ಕೈಕೊಟ್ಟರೆ ಖರ್ಚಿಗೆ ನಿಧಿ ಇದೆಯೇ, ಎಷ್ಟು ಮನೆಯವರು ಶುಲ್ಕ ಬಾಕಿ ಇಟ್ಟಿದ್ದಾರೆ ಎಂದು ನೋಡಿ. ಬಾಕಿ ಉದ್ದವಿರುವ ಕಟ್ಟಡ ಒಳಗಿಂದ ಸೊರಗುತ್ತಿರುತ್ತದೆ.

ಸದ್ದು ಮತ್ತು ಹೊಗೆ

ಹೆದ್ದಾರಿ, ರೈಲು, ವಿಮಾನದ ದಾರಿ ಇವುಗಳಿಂದ ಅಗ್ಗವಾದ ಮನೆಗಳಲ್ಲಿ ಒಂದೇ ಏರಿಯಾದೊಳಗೇ ಭೂಮಿ ಆಕಾಶದ ವ್ಯತ್ಯಾಸ ಇರುತ್ತದೆ. ಇಲ್ಲಿ ಏರಿಯಾಕ್ಕಿಂತ ಯಾವ ಬೀದಿ, ಯಾವ ಮಗ್ಗುಲು ಎಂಬುದನ್ನು ಹೋಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಕೊಟ್ಟ ಮಾರ್ಗಸೂಚಿಯಲ್ಲಿ ರಾತ್ರಿಯ ರಸ್ತೆ ಸದ್ದು ಸರಾಸರಿ 45 ಡೆಸಿಬೆಲ್, ರೈಲಿನದು 44, ವಿಮಾನದ್ದು 40 ದಾಟಬಾರದು ಎಂದಿದೆ. ಈ ಅಂಕಿಗಳ ಗುಟ್ಟು ಏನೆಂದರೆ 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟು ಜೋರು. ಸದಾ ವಾಹನ ಹರಿಯುವ ರಸ್ತೆಯಿಂದ ಎರಡರಷ್ಟು ದೂರ ಸರಿದರೂ ಇಳಿಯುವುದು ಸುಮಾರು 3 ಡೆಸಿಬೆಲ್ ಮಾತ್ರ. ನಡುವೆ ಒಂದು ಸಾಲು ಕಟ್ಟಡ ಅಡ್ಡ ಬಂದರೆ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಆದ್ದರಿಂದ ಅದೇ ಏರಿಯಾದ ಎರಡನೆಯ ಸಾಲಿನ, ಹಿಂದಕ್ಕೆ ಮುಖ ಮಾಡಿದ ಮನೆ ಅನೇಕ ಸಲ ಒಳ್ಳೆಯ ಸಂಪಾದನೆ.

ಹೊಗೆಯದು ಹಾಗಲ್ಲ, ಗಟ್ಟಿ ಕಿಟಕಿ ಹಾಕಿಸಿ ತಡೆಯುವಂಥದ್ದಲ್ಲ. ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಆವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ದೊಡ್ಡ ರಸ್ತೆಯಿಂದ 300ರಿಂದ 500 ಮೀಟರ್ ಒಳಗಿನ ವಲಯಕ್ಕೆ ವಾಹನಗಳ ಹೊಗೆ ಹೆಚ್ಚು ತಾಗುತ್ತದೆ ಎಂದು ಹೇಳಿತು. ಮನೆಯಲ್ಲಿ ಆಸ್ತಮಾ ಇರುವ ಮಗುವೋ ಹಿರಿಯರೋ ಇದ್ದರೆ ಈ ಅಗ್ಗ ನಿಮಗೆ ಬೇಡ.

ತಗ್ಗು ಜಾಗಕ್ಕೆ ನನ್ನ ಪಟ್ಟಿಯಲ್ಲಿ ಜಾಗವಿಲ್ಲ

ನಾನು ನೋಡಿದ ಮನೆಗಳಲ್ಲಿ ಒಂದು ಎಲ್ಲ ರೀತಿಯಿಂದಲೂ ಹೇಳಿ ಮಾಡಿಸಿದಂತಿತ್ತು. ನೆಲಮಹಡಿ, ಹತ್ತಿರದಲ್ಲೇ ನಿಲ್ದಾಣ, ಬೆಲೆ ಸುತ್ತಲಿನ ಬೀದಿಗಳಿಗಿಂತ ಕಡಿಮೆ. ಗೋಡೆಗೆ ಹೊಸ ಬಣ್ಣ ಹೊಡೆದಿದ್ದರು. ಹಿಂದಿನ ಕೋಣೆಯ ಬಾಗಿಲು ಮುಚ್ಚಲು ಹೋದಾಗ ಅದು ಕಿರುಗುಟ್ಟಿತು. ಬಗ್ಗಿ ನೋಡಿದೆ. ಕೆಳಗಿನ ತಿರುಗಣೆ ತುಕ್ಕು ಹಿಡಿದು ಕೆಂಪಾಗಿತ್ತು, ಮೇಲಿನ ಎರಡು ಹೊಳೆಯುತ್ತಿದ್ದವು. ಚೌಕಟ್ಟಿನ ಬುಡ ಒಂದು ಗೇಣಿನಷ್ಟು ಉಬ್ಬಿತ್ತು. ಹೊರಗೆ ಬಂದು ನೋಡಿದರೆ ಪಕ್ಕದ ಮನೆಯವರು ಹೊಸ್ತಿಲ ಮುಂದೆ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ ಕಟ್ಟಿಸಿಕೊಂಡಿದ್ದರು, ಅದನ್ನು ದಾಟಿಯೇ ಒಳಗೆ ಹೋಗಬೇಕು. ಯಾಕೆ ಎಂದು ಕೇಳಿದೆ. ಮನೆಯಾಕೆ ಬಾಯಲ್ಲಿ ಏನೂ ಹೇಳದೆ ಕೈಯನ್ನು ಮೊಣಕಾಲಿನ ಹತ್ತಿರ ಹಿಡಿದು ತೋರಿಸಿದರು.

ಆ ಬೀದಿಯಲ್ಲಿ ನಿಂತು ನೋಡಿದಾಗ ಸುತ್ತಲಿನ ಎಲ್ಲ ರಸ್ತೆಗಳೂ ಅಲ್ಲಿಗೇ ಇಳಿಯುತ್ತಿದ್ದವು. ಮನೆಯೊಳಗೆ ಅರ್ಧ ಗಂಟೆ ಕಳೆದಾಗ ನನಗೆ ಅದು ಹೊಳೆದೇ ಇರಲಿಲ್ಲ.

ಅಮೆರಿಕದ ಹ್ಯೂಸ್ಟನ್ ನಗರವನ್ನು ಪ್ರವಾಹದಿಂದ ಕಾಪಾಡಲೆಂದು 1940ರ ದಶಕದಲ್ಲಿ ಆಡಿಕ್ಸ್ ಮತ್ತು ಬಾರ್ಕರ್ ಎಂಬ ಎರಡು ಜಲಾಶಯಗಳನ್ನು ಕಟ್ಟಿದರು. ಮಳೆಯಿಲ್ಲದಾಗ ಅವು ಒಣನೆಲ. ನಗರ ಬೆಳೆಯುತ್ತ ಹೋದಂತೆ, ಜಲಾಶಯ ತುಂಬಿದರೆ ನೀರು ಹಬ್ಬುವ ಅಂಚಿನಲ್ಲೇ ಬಡಾವಣೆಗಳು ಎದ್ದವು. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತದ ಮಳೆಗೆ ಅಲ್ಲಿಯ ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ತಾವು ಕೊಂಡದ್ದು ಜಲಾಶಯದ ಮಡಿಲಿನ ಜಾಗ ಎಂಬುದೇ ಅನೇಕರಿಗೆ ಆವರೆಗೆ ಗೊತ್ತಿರಲಿಲ್ಲ. ನೀರಿಗೆ ತನ್ನ ದಾರಿ ಮರೆಯುವುದಿಲ್ಲ.

"ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ" ಎಂಬ ಮಾತು ಕೇಳಿ ಸಮಾಧಾನಪಡಬೇಡಿ. ಅದರ ಅರ್ಥ ಪ್ರತಿ ವರ್ಷವೂ ಶೇಕಡಾ 1ರಷ್ಟು ಸಾಧ್ಯತೆ. 30 ವರ್ಷ ಆ ಮನೆಯಲ್ಲಿದ್ದರೆ ಒಮ್ಮೆಯಾದರೂ ನೀರು ಕಾಣುವ ಸಾಧ್ಯತೆ ಶೇಕಡಾ 26, ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಎತ್ತರ ತಗ್ಗು ತೋರಿಸುವ ನಕ್ಷೆ, ಹಳೆಯ ನಕ್ಷೆಗಳಲ್ಲಿ ಕೆರೆ ಹಳ್ಳಗಳ ಗುರುತು, ಇವನ್ನು ನೋಡಿ. ಅದಕ್ಕಿಂತ ಮೊದಲು, ಜೋರು ಮಳೆ ಬಂದ ದಿನ ಛತ್ರಿ ಹಿಡಿದು ಆ ಬೀದಿಗೆ ಹೋಗಿ ನಿಲ್ಲಿ. ಮೇಲಿನ ಮಹಡಿಯ ಮನೆಯಾದರೆ ಪರವಾಗಿಲ್ಲ ಎನ್ನುವವರಿದ್ದಾರೆ. ಲಿಫ್ಟು, ಪಂಪು, ವಿದ್ಯುತ್ ಫಲಕ, ವಾಹನ ಎಲ್ಲವೂ ಇರುವುದು ಕೆಳಗೇ.

ನಾಳೆ ಬರುವ ರೈಲು

"ಇನ್ನೆರಡು ವರ್ಷಕ್ಕೆ ಇಲ್ಲಿ ಮೆಟ್ರೋ ಬರುತ್ತೆ, ಆಮೇಲೆ ಈ ಬೆಲೆಗೆ ಸಿಗಲ್ಲ." ಮನೆ ಹುಡುಕುವ ಪ್ರತಿಯೊಬ್ಬರೂ ಕೇಳಿದ ಮಾತು. ರೈಲು ಬರುವುದು ಸುಳ್ಳಾಗಿರಬೇಕಿಲ್ಲ, ಯಾವಾಗ ಎಂಬುದರಲ್ಲೇ ಎಲ್ಲ ಇದೆ. ಲಂಡನ್ನಿನ ಎಲಿಜಬೆತ್ ಮಾರ್ಗ 2018ರ ಡಿಸೆಂಬರಿನಲ್ಲಿ ತೆರೆಯಬೇಕಿತ್ತು, ತೆರೆದದ್ದು 2022ರ ಮೇ 24ಕ್ಕೆ. ಬರ್ಲಿನ್ನಿನ ಹೊಸ ವಿಮಾನ ನಿಲ್ದಾಣ 2011ಕ್ಕೆ ಎಂದಿದ್ದದ್ದು 2020ರ ಅಕ್ಟೋಬರ್ 31ಕ್ಕೆ ಶುರುವಾಯಿತು, ಹಳೆಯ ಟೇಗಲ್ ನಿಲ್ದಾಣದ ಸುತ್ತಲಿನವರ ತಲೆಯ ಮೇಲೆ ಅಲ್ಲಿಯವರೆಗೂ ವಿಮಾನಗಳು ಹಾರುತ್ತಲೇ ಇದ್ದವು. ದುಡ್ಡು, ತಂತ್ರಜ್ಞಾನ ಎಲ್ಲ ಇದ್ದ ಊರುಗಳ ಕಥೆ ಇದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಖರ್ಚು ನಿಮ್ಮ ಕಂತಿನಲ್ಲಿ ಸೇರಬಾರದು.

ಒಂದು ಏರಿಯಾದ ಬೆಲೆಯಲ್ಲಿ ಇವತ್ತಿನ ಬದುಕಿಗೆ ಎಷ್ಟು, ನಾಳೆಯ ಆಸೆಗೆ ಎಷ್ಟು ಎಂದು ಬಿಡಿಸಿ ನೋಡಲು ಸುಲಭದ ದಾರಿ ಬಾಡಿಗೆ. ಬಾಡಿಗೆದಾರ ನಾಳೆಯ ರೈಲಿಗೆ ಇವತ್ತು ದುಡ್ಡು ಕೊಡುವುದಿಲ್ಲ, ಇವತ್ತು ಇರುವುದಕ್ಕೆ ಮಾತ್ರ ಕೊಡುತ್ತಾನೆ. ಮನೆಯ ಬೆಲೆಯನ್ನು ಅಂಥದೇ ಮನೆಯ ಒಂದು ವರ್ಷದ ಬಾಡಿಗೆಯಿಂದ ಭಾಗಿಸಿ. ಒಂದು ಏರಿಯಾದಲ್ಲಿ 18 ಬಂದು, ಇನ್ನೊಂದರಲ್ಲಿ 30 ಬಂದರೆ, ಎರಡನೆಯದರ ಬೆಲೆಯಲ್ಲಿ ದೊಡ್ಡ ಪಾಲು ನಿರೀಕ್ಷೆಯದು. ರೈಲಿನ ಲಾಭವನ್ನು ಮಾರುವವರು ಆಗಲೇ ಎಣಿಸಿಕೊಂಡಿದ್ದಾರೆ, ನಿಮಗೆ ಉಳಿದಿರುವುದು ಕಾಯುವ ಕೆಲಸ. ಇದು ಒಂದೇ ನಗರದ ಒಳಗಿನ ಹೋಲಿಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಬೇರೆ ಬೇರೆ ನಗರಗಳ ನಡುವೆ ಅಷ್ಟಾಗಿ ಇಲ್ಲ. ನನ್ನ ಕ್ರಮ ಇಷ್ಟೇ: ಕಂಬ ಎದ್ದು ಹಳಿ ಬಿದ್ದು ಪ್ರಾಯೋಗಿಕ ಓಡಾಟ ಶುರುವಾಗದ ಯಾವ ಯೋಜನೆಗೂ ಹೋಲಿಕೆಯಲ್ಲಿ ಸೊನ್ನೆ ಅಂಕ.

ಕೆಟ್ಟ ಹೆಸರಿನ ಏರಿಯಾ

ಹೆಸರು ಕೆಟ್ಟದ್ದು ಯಾವತ್ತೋ, ಏರಿಯಾ ಬದಲಾದದ್ದು ಯಾವತ್ತೋ. ಇವೆರಡರ ನಡುವಿನ ಅಂತರದಲ್ಲಿ ಒಳ್ಳೆಯ ಮನೆಗಳು ಸಿಗುತ್ತವೆ. ಹೊರಗಿನವರ ಅಭಿಪ್ರಾಯಕ್ಕಿಂತ ಅಲ್ಲಿ ಐದಾರು ವರ್ಷದಿಂದ ಇರುವ ಹೆಂಗಸರನ್ನು, ಸಂಜೆ ಕೆಲಸ ಮುಗಿಸಿ ಒಬ್ಬರೇ ನಡೆದು ಬರುವವರನ್ನು ಕೇಳಿ. ರಾತ್ರಿ ಒಂಬತ್ತೂವರೆಗೆ ನಿಲ್ದಾಣದಿಂದ ಆ ಮನೆಯವರೆಗೆ ನೀವೇ ನಡೆದು ನೋಡಿ. ಬೀದಿದೀಪ ಉರಿಯುತ್ತಿವೆಯೇ, ಅಂಗಡಿ ತೆರೆದಿವೆಯೇ, ಮಕ್ಕಳು ಇನ್ನೂ ಹೊರಗಿದ್ದಾರೆಯೇ ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ದುಬಾರಿ ಏರಿಯಾದ ಗಡಿಯಾಚೆ, ಹಳಿಯ ಇನ್ನೊಂದು ಮಗ್ಗುಲಲ್ಲಿ, ಅದೇ ನಿಲ್ದಾಣ ಬಳಸುವ ಆದರೆ ಹೆಸರು ಬೇರೆ ಇರುವ ಬೀದಿಗಳನ್ನೂ ಮರೆಯದೆ ನೋಡಿ.

ಎರಡೇ ಉಳಿದಾಗ

ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡು. ಹೊರವಲಯದ ಹೊಸ ಕಟ್ಟಡದ ಮೂರು ಕೋಣೆ, ಒಳಗಿನ ಹಳೆಯ ಬೀದಿಯಲ್ಲಿ ಎರಡನೆಯ ಮಹಡಿಯ ಎರಡು ಕೋಣೆ. ತಿಂಗಳ ಖರ್ಚಿನ ವ್ಯತ್ಯಾಸವನ್ನು 120ರಿಂದ ಗುಣಿಸಿ, ಹಳೆಯ ಮನೆಯ ಪೈಪು ವೈರಿಂಗಿನ ಅಂದಾಜನ್ನು ಕೂಡಿಸಿ ನೋಡಿದಾಗ ಬೆಲೆ ಹೆಚ್ಚುಕಡಿಮೆ ಒಂದೇ ಆಯಿತು. ಆಗ ಇನ್ನೊಂದು ಪ್ರಶ್ನೆ ಕೇಳಿಕೊಂಡೆ: ಐದು ವರ್ಷದಲ್ಲಿ ಕೆಲಸ ಹೋಗಿ, ಅಥವಾ ಬೇರೆ ಊರಿಗೆ ಹೋಗಬೇಕಾಗಿ ಮಾರುವ ಸಂದರ್ಭ ಬಂದರೆ ಯಾವುದು ಬೇಗ ಮಾರಾಟವಾಗುತ್ತದೆ? ಹೊರವಲಯದಲ್ಲಿ ನನ್ನಂಥದೇ ನೂರಾರು ಮನೆಗಳು ಒಂದೇ ಕಟ್ಟಡ ಸಮೂಹದಲ್ಲಿದ್ದವು, ಪಕ್ಕದಲ್ಲೇ ಇನ್ನಷ್ಟು ಏಳುತ್ತಿದ್ದವು. ಹಳೆಯ ಬೀದಿಯಲ್ಲಿ ಹೊಸದಾಗಿ ಕಟ್ಟಲು ಜಾಗವೇ ಇರಲಿಲ್ಲ.

ಆದರೂ ತಕ್ಷಣ ಕೊಳ್ಳಲಿಲ್ಲ. ಹಳೆಯ ಬೀದಿಯ ಇನ್ನೊಂದು ತುದಿಯಲ್ಲಿ ಐದು ತಿಂಗಳು ಬಾಡಿಗೆಗಿದ್ದೆ, ಮಳೆಗಾಲ ಕಳೆಯುವ ತನಕ. ನೀರು ಯಾವ ಹೊತ್ತಿಗೆ ಬರುತ್ತದೆ, ಕಸದ ಗಾಡಿ ಎಲ್ಲಿ ನಿಲ್ಲುತ್ತದೆ, ಯಾವ ತಿರುವಿನಲ್ಲಿ ರಾತ್ರಿ ನಾಯಿಗಳು ಗುಂಪುಗೂಡುತ್ತವೆ ಎಂಬುದೆಲ್ಲ ಆಗ ಗೊತ್ತಾಯಿತು. ಬಾಡಿಗೆಗೆ ಹೋದ ದುಡ್ಡು ಮನೆಯ ಬೆಲೆಯ ಮುಂದೆ ಬಹಳ ಸಣ್ಣದು. ನಿಮಗೂ ಸಾಧ್ಯವಿದ್ದರೆ ಹೀಗೇ ಮಾಡಿ. ಐದು ತಿಂಗಳು ಆಗದಿದ್ದರೆ ಒಂದು ತಿಂಗಳಾದರೂ ಸರಿ, ಆದರೆ ಅದು ಮಳೆಯ ತಿಂಗಳಾಗಿರಲಿ.